ರೆಕ್ಕೆ ಮಲಗಿದ ದಿಕ್ಕು

"ಇದೇ ಕೊನೇ ಸ್ಕ್ರೂ ಮೇಡಂ. ಮುಚ್ಚಳ ಬಂದ ತಕ್ಷಣ ಆ ಮೇಸ್ತ್ರಿ ಮಾಡಿರೋ ಘನಂದಾರಿ ಕೆಲಸ ನಿಮ್ಮ ಕಣ್ಣಿಗೇ ಬೀಳುತ್ತೆ," ಎಂದ ದಪ್ಪ ಕನ್ನಡಕದ ಸೋಡಾಗ್ಲಾಸು.

ಇನ್ಸ್‌ಪೆಕ್ಟರ್ ದೋಣಿಯ ಹೊಟ್ಟೆಯೊಳಗೆ, ಎಂಜಿನ್ನಿನ ಪಕ್ಕ ಮೊಣಕಾಲೂರಿ ಕೂತು ಟಾರ್ಚು ಹಿಡಿದಿದ್ದಳು. ಬಂದರಿನವರು ಬೆನ್ನ ಹಿಂದೆ ಅವಳನ್ನು ಉಡ ಎಂದು ಕರೆಯುತ್ತಿದ್ದರು. ಒಮ್ಮೆ ಹಿಡಿದರೆ ಬಿಡುವ ಪೈಕಿಯಲ್ಲ ಎಂಬ ಅರ್ಥದಲ್ಲಿ. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯನ್ನೂ ಕೊಟ್ಟಿತ್ತು.

ನಿನ್ನೆ ಬೆಳಿಗ್ಗೆ ಈ ದೋಣಿಯ ಎಂಜಿನ್ನು ಬಂದರಿನ ಬಾಯಲ್ಲೇ ಕೆಟ್ಟು ನಿಂತು, ಅಲೆಗಳು ಅದನ್ನು ತಡೆಗೋಡೆಯ ಬಂಡೆಗೆ ಅಪ್ಪಳಿಸಿ, ಒಬ್ಬನೇ ಹೊರಟಿದ್ದ ಚಾಲಕ ಸತ್ತಿದ್ದ. ಅದರ ಹಿಂದಿನ ದಿನವಷ್ಟೇ ಎಂಜಿನ್ನಿಗೆ ಹೊಸ ನೀರಿನ ಪಂಪು ಹಾಕಿದ್ದ ಮುದುಕ ಮೇಸ್ತ್ರಿ ಈಗ ಲಾಕಪ್ಪಿನಲ್ಲಿದ್ದರು. ಇವತ್ತು ಮಧ್ಯಾಹ್ನದೊಳಗೆ ಅವರನ್ನು ಕೋರ್ಟಿನ ಮುಂದೆ ನಿಲ್ಲಿಸಬೇಕು. ಅಷ್ಟರಲ್ಲಿ ಬೇರೆ ಕಾರಣ ಸಿಗದೇ ಹೋದರೆ ಈ ವಯಸ್ಸಿನಲ್ಲಿ ಜೈಲು ತಪ್ಪಿದ್ದಲ್ಲ. ಅದನ್ನು ನೆನೆದಾಗಲೆಲ್ಲ ಇನ್ಸ್‌ಪೆಕ್ಟರಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಗುತ್ತಿತ್ತು.

ಸೋಡಾಗ್ಲಾಸು ಪಕ್ಕದ ಶೆಡ್ಡಿನ ಮೆಕ್ಯಾನಿಕ್ಕು. ಮೇಸ್ತ್ರಿಯ ಹೆಸರೆತ್ತಿದರೆ ಮೈಯೆಲ್ಲ ಉರಿಯುವ ಆಸಾಮಿ. ಆದರೆ ದೋಣಿ ಎಂಜಿನ್ ರಿಪೇರಿಯ ಶೆಡ್ಡಿಟ್ಟವರು ಬಂದರಿನಲ್ಲಿ ಇವರಿಬ್ಬರೇ. ಒಬ್ಬ ಲಾಕಪ್ಪಿನಲ್ಲಿದ್ದ ಮೇಲೆ ಇನ್ನೊಬ್ಬನ ಮುಸುಡಿ ನೋಡಲೇಬೇಕಲ್ಲ.

ಮುಚ್ಚಳ ಕಳಚಿ ಬಂತು. ಒಳಗೆ ಒಂದು ರಬ್ಬರ್ ಚಕ್ರ, ಅಂಗೈಯಷ್ಟಗಲ. ಸುತ್ತಲೂ ರೆಕ್ಕೆಗಳಿರಬೇಕಿತ್ತು. ಅರ್ಧಕ್ಕರ್ಧ ಬುಡದಿಂದ ಹರಿದುಹೋಗಿದ್ದವು.

"ನೋಡಿದ್ರಾ! ಹೊಸ ಪಂಪು ಅಂತ ಹೇಳಿ ಒಳಗೆ ಹಳೇ ರಬ್ಬರ್ ತುರುಕಿದ್ದಾನೆ. ಈ ಚಕ್ರ ತಿರುಗಿದ್ರೆ ತಾನೇ ಸಮುದ್ರದ ನೀರು ಒಳಗೆ ಬಂದು ಎಂಜಿನ್ ತಣ್ಣಗಿರೋದು? ರೆಕ್ಕೆ ಕಿತ್ತೋಯ್ತು, ನೀರು ನಿಂತೋಯ್ತು, ಎಂಜಿನ್ ಕಾದು ಕಚ್ಕೊಳ್ತು. ಮುಗೀತು ಕಥೆ. ಬರ್ಕೊಳ್ಳಿ."

"ನಾನು ಏನು ಬರ್ಕೋಬೇಕು ಅಂತ ನಂಗೆ ಗೊತ್ತು. ಹರಿದ ರೆಕ್ಕೆ ಎಲ್ಲಿ?"

"ಅಂದ್ರೆ?"

"ಅರ್ಧ ರೆಕ್ಕೆ ಇಲ್ಲ. ಹಾರಿಹೋದ್ವಾ?"

"ಎಲ್ಲಿಗೆ ಹಾರ್ತವೆ ಮೇಡಂ? ನೀರಿನ ಜೊತೆ ಮುಂದಕ್ಕೆ ಹೋಗಿ ಎಂಜಿನ್ ತಣ್ಣಗಿಡೋ ಕೂಲರ್ ಬಾಯಲ್ಲಿ ಸಿಕ್ಕೊಂಡಿರ್ತವೆ. ಚಕ್ರ ಬದಲಾಯಿಸುವಾಗ ಆ ಚೂರು ಹುಡುಕೋದೇ ಒಂದು ತಲೆನೋವು."

"ಹುಡುಕಿ."

"ಈಗಲಾ? ಅದಕ್ಕೆ ಪೈಪೆಲ್ಲ..."

"ಪೈಪೆಲ್ಲ ಬಿಚ್ಚಿ."

ಅವನು ಗೊಣಗುತ್ತ ಹಿಂದಕ್ಕೆ ಕೈ ಚಾಚಿದ. ದೋಣಿಯ ಅಂಚಿನಲ್ಲಿ ಮೇಸ್ತ್ರಿಯ ಮಗಳು ಅಪ್ಪನ ಸಲಕರಣೆ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದಳು. ಮದುವೆಯಾಗಿ ಗಂಡನೊಂದಿಗೆ ತವರಲ್ಲೇ ಇದ್ದವಳು. ಅಪ್ಪನ ಜೊತೆ ಎಂಜಿನ್ ಕೆಲಸ ಕಲಿತವಳು. ಬೆಳಗಾಗುತ್ತಲೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಂದು ಕೂತು, "ಪಂಪು ಬಿಚ್ಚಿ ನೋಡಿ ಮೇಡಂ, ಬಂದಿರೋ ಸಾಮಾನೇ ಸರಿ ಇರ್ಲಿಕ್ಕಿಲ್ಲ, ಅಪ್ಪನ ತಪ್ಪಲ್ಲ," ಎಂದು ಕೈ ಮುಗಿದವಳು ಇವಳೇ. ಅವನು ಕೇಳುವ ಮೊದಲೇ ಸರಿಯಾದ ಸ್ಪ್ಯಾನರು ಎಡಗೈಯಲ್ಲಿ ಆರಿಸಿ ಅವನ ಅಂಗೈಗಿಟ್ಟಳು.

ಪೈಪು ಕಳಚಿತು. ಕೂಲರಿನ ಬಾಯಿ ತೆರೆಯಿತು. ಸೋಡಾಗ್ಲಾಸು ಕೊಳವೆಗಳಲ್ಲಿ ತಂತಿ ತೂರಿಸಿದ, ಬಕೆಟ್ಟಿನಿಂದ ನೀರು ಸುರಿದ, ಬಂದ ನೀರನ್ನು ಬಟ್ಟೆಯಲ್ಲಿ ಸೋಸಿದ. ಒಂದಿಷ್ಟು ಮರಳು, ಒಂದು ಸಣ್ಣ ಚಿಪ್ಪು. ರಬ್ಬರ್ ಎಂಬುದು ಸಾಸಿವೆಕಾಳಿನಷ್ಟೂ ಇರಲಿಲ್ಲ.

"ಇದೇನಪ್ಪ ಇದು," ಎಂದ. ಅವನ ದನಿಯಲ್ಲಿದ್ದ ಜಂಬ ಇಳಿದಿತ್ತು.

ಇನ್ಸ್‌ಪೆಕ್ಟರ್ ಮತ್ತೆ ಪಂಪಿನೊಳಗೆ ಟಾರ್ಚು ಬಿಟ್ಟಳು. ಉಳಿದ ರೆಕ್ಕೆಗಳು ಇಕ್ಕಟ್ಟಿಗೆ ಬಾಗಿ ಎಲ್ಲವೂ ಒಂದೇ ಕಡೆಗೆ ಮಲಗಿದ್ದವು.

"ಇದು ಯಾವ ಕಡೆಗೆ ತಿರುಗೋದು?"

ಅವನು ಬೆರಳಲ್ಲಿ ಸುತ್ತಿ ತೋರಿಸಿದ.

"ಆಗ ರೆಕ್ಕೆ ಯಾವ ಕಡೆಗೆ ಬಾಗ್ತವೆ?"

"ತಿರುಗೋದಕ್ಕೆ ಹಿಂದುಗಡೆ. ಹುಡುಗಿ ಓಡಿದ್ರೆ ಜಡೆ ಹಿಂದಕ್ಕೆ ಹೋಗಲ್ವಾ, ಹಾಗೆ."

"ಹಾಗಾದ್ರೆ ಇಲ್ಲಿ ಜಡೆ ಯಾಕೆ ಮುಂದಿದೆ?"

ಸೋಡಾಗ್ಲಾಸು ಬಗ್ಗಿದ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಬಗ್ಗಿದ.

"ಉಲ್ಟಾ ಇದೆ."

"ಎಂಜಿನ್ ಸ್ಟಾರ್ಟ್ ಆದ್ರೆ?"

"ಮೊದಲನೇ ಸುತ್ತಿಗೇ ತಾವಾಗೇ ಮಗುಚ್ಕೊಂಡು ಸರಿಯಾಗ್ತವೆ." ಹೇಳುತ್ತ ಹೇಳುತ್ತ ಅವನೇ ಬಾಯಿ ಬಿಟ್ಟ. "ಮೇಡಂ, ಈ ಚಕ್ರ ಇದರೊಳಗೆ ಒಂದು ಸುತ್ತೂ ತಿರುಗಿಲ್ಲ. ಎಂಜಿನ್ ಕಚ್ಕೊಂಡು ಸತ್ತ ಮೇಲೆ ಯಾರೋ ತಂದು ಕೂರಿಸಿದ್ದಾರೆ."

ಇನ್ಸ್‌ಪೆಕ್ಟರಿಗೆ ಕುಣಿಯುವಷ್ಟು ಸಂತೋಷವಾಯಿತು. ಪೊಲೀಸ್ ಬೂಟು ಹಾಕಿಕೊಂಡು ಕುಣಿಯಲಾಗುವುದಿಲ್ಲ, ಅಷ್ಟೇ. ಮೇಸ್ತ್ರಿಯನ್ನು ಜೀಪು ಹತ್ತಿಸಿದ್ದು ನಿನ್ನೆ ಮಧ್ಯಾಹ್ನ. ಆಗ ದೋಣಿ ಇನ್ನೂ ಬಂಡೆಯ ಮೇಲೇ ಇತ್ತು. ನೀರೇರಿದ ಮೇಲೆ, ಸಂಜೆ, ಅದನ್ನು ಎಳೆದು ತಂದು ಮೇಸ್ತ್ರಿಯದೇ ಶೆಡ್ಡಿಗೆ ಹಾಕಿದ್ದು. ಅಂದರೆ ಈ ಮುರುಕು ಚಕ್ರ ಕೂರಿಸಿದವರು ಮೇಸ್ತ್ರಿಯಲ್ಲ.

ಮತ್ತೆ ಯಾರು? ಶೆಡ್ಡಿಗೆ ಎರಡು ಕೀಲಿಕೈ. ಒಂದು ಮೇಸ್ತ್ರಿಯ ಜೇಬಿನಿಂದ ತೆಗೆದದ್ದು, ಸ್ಟೇಷನ್ನಿನ ಕಪಾಟಿನಲ್ಲಿದೆ. ಇನ್ನೊಂದು ಅವರ ಮನೆಯ ಗೂಟಕ್ಕೆ ನೇತುಬಿದ್ದಿರುತ್ತದೆ. ಶೆಡ್ಡಿಗೆ ಸೀಲು ಬಿದ್ದದ್ದು ಇವತ್ತು ಬೆಳಿಗ್ಗೆ. ತನ್ನ ಇಲಾಖೆ ಯಾವ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದೆ, ಇದನ್ನು ಮಾಡಲಿಕ್ಕೆ!

ಅವಳು ತಲೆಯೆತ್ತಿದಾಗ ಮೇಸ್ತ್ರಿಯ ಮಗಳು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ಎಲ್ಲವನ್ನೂ ಎಡಗೈಯಲ್ಲೇ.

"ಅಪ್ಪನ್ನ ಬಿಡ್ತೀರಲ್ವಾ ಮೇಡಂ?"

"ಸ್ಟೇಷನ್ನಿಗೆ ಬಾ," ಎಂದಳು ಇನ್ಸ್‌ಪೆಕ್ಟರ್. ಸಂತೋಷ ಆಗಲೇ ಅರ್ಧ ಕರಗಿತ್ತು.

*

ಸ್ಟೇಷನ್ನಿನ ಜಗಲಿಯಲ್ಲಿ ಮೇಸ್ತ್ರಿಯ ಅಳಿಯ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದ. ಇನ್ಸ್‌ಪೆಕ್ಟರನ್ನು ಕಂಡವನೇ ಎದ್ದು ನಿಂತ.

"ಮಾವ ರಾತ್ರಿ ಏನೂ ತಿಂದಿಲ್ವಂತೆ ಮೇಡಂ. ಒಂದೆರಡು ತುತ್ತು ತಿನ್ನಿಸೋಕೆ ಬಿಡ್ತೀರಾ?"

"ಸ್ವಲ್ಪ ಹೊತ್ತು. ಕೂತಿರಿ."

"ಆಯ್ತು ಮೇಡಂ, ನಿಮ್ಮ ಅನುಕೂಲ."

ಮನೆ ಅಳಿಯನೆಂದರೆ ಜನ ಆಡಿಕೊಳ್ಳುವುದುಂಟು. ಇವನ ವಿಷಯದಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನಗುಮುಖ, ಮೆತ್ತನೆ ಮಾತು. ನಿನ್ನೆ ಒಡೆದ ದೋಣಿಯನ್ನು ಬಂಡೆಯಿಂದ ಬಿಡಿಸಿ ಎಳೆದು ತಂದದ್ದೂ ಇವನದೇ ದೋಣಿ. ಸತ್ತ ಚಾಲಕನೂ ಇವನೂ ಜನರನ್ನು ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸುವ ಸರದಿಗಾಗಿ ಒಮ್ಮೆ ಕೊರಳಪಟ್ಟಿ ಹಿಡಿದಿದ್ದರು. ಆದರೆ ಆ ಬಂದರಿನಲ್ಲಿ ಎಲ್ಲರೂ ಎಲ್ಲರ ಕೊರಳಪಟ್ಟಿ ಹಿಡಿದವರೇ.

"ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದು ಕಾನ್‌ಸ್ಟೇಬಲ್ ಮೀಸೆ ಬಾಗಿಲು ತೆಗೆಯುತ್ತ ಪಿಸುಗುಟ್ಟಿದ. ಅವನಿಗೆ ಮೂವರು ಹೆಣ್ಣುಮಕ್ಕಳು. ಮಾತಿನಲ್ಲಿ ನಿಟ್ಟುಸಿರೂ ಇತ್ತು.

ಮಗಳನ್ನು ಹೊರಗಿನ ಬೆಂಚಿನಲ್ಲಿ ಗಂಡನ ಪಕ್ಕ ಕೂರಿಸಿ ಇನ್ಸ್‌ಪೆಕ್ಟರ್ ಒಳಗೆ ಹೋದಳು. ಮೇಜಿನ ಆಚೆ ಮೇಸ್ತ್ರಿ ಕೂತಿದ್ದರು. ಒಂದೇ ದಿನಕ್ಕೆ ಮುಖ ಇಳಿದು ಗಡ್ಡ ಬಿಳಿಯಾಗಿ ಕಾಣುತ್ತಿತ್ತು. ಬೆರಳುಗಳು ಮಾತ್ರ ಗಟ್ಟಿಮುಟ್ಟಾಗಿದ್ದವು.

"ಇನ್ನೊಂದು ಸಲ ಹೇಳಿ ಮೇಸ್ತ್ರಿ. ಪಂಪು ಯಾಕೆ ಬದಲಾಯಿಸಿದ್ರಿ?"

"ಎಷ್ಟು ಸಲ ಹೇಳ್ಲಿ ತಾಯಿ? ಹಳೇದರ ಕೆಳಗಿನ ತೂತಿಂದ ನೀರು ತೊಟ್ಟಿಕ್ತಿತ್ತು. ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ಹಾಗೇ ಬಿಟ್ರೆ ಉಪ್ಪುನೀರು ಬೇರಿಂಗ್ ತಿಂದ್ಹಾಕುತ್ತೆ. ಅದಕ್ಕೇ ಇಡೀ ಪಂಪೇ ಬದಲಾಯಿಸಿದೆ. ಸಮುದ್ರದ ನೀರಿನ ವಾಲ್ವ್ ಮುಚ್ಚಿ, ಬೆಲ್ಟ್ ಸಡಿಲ ಮಾಡಿ, ಹಳೇದು ತೆಗೆದೆ. ಹೊಸದಕ್ಕೆ ಹೊಸ ಚಕ್ರ ಕೂರಿಸಿದೆ, ಸೋಪಿನ ನೀರು ಹಚ್ಚಿ. ಗ್ರೀಸ್ ಹಚ್ಚೋರು ಇದ್ದಾರೆ, ರಬ್ಬರ್ ಹಾಳಾಗುತ್ತೆ ಅನ್ನೋ ಬುದ್ಧಿನೂ ಇಲ್ಲ."

"ಆಮೇಲೆ?"

"ವಾಲ್ವ್ ತೆಗೆದೆ, ಎಂಜಿನ್ ಸ್ಟಾರ್ಟ್ ಮಾಡಿದೆ. ದೋಣಿ ಹಿಂಬದಿಗೆ ಹೋಗಿ, ಎಂಜಿನ್ ತಣಿಸಿ ಹೊರಗೆ ಬೀಳೋ ನೀರಿಗೆ ಕೈ ಕೊಟ್ಟು ನೋಡಿದೆ. ಧಾರೆ ಜೋರಾಗಿತ್ತು. ನಾನು ಹಾಗೆ ಕೈ ಕೊಟ್ಟು ನೋಡದೆ ಯಾವ ದೋಣಿನೂ ಬಿಟ್ಟೋನಲ್ಲ." ಅವರು ಮೇಜಿನ ಮೇಲೆ ಅಂಗೈ ಬಿಚ್ಚಿಟ್ಟರು. "ಬೇರೆ ಏನು ಬೇಕಾದ್ರೂ ಅನ್ನಿ. ಮರೆತೆ ಅಂತ ಮಾತ್ರ ಅನ್ಬೇಡಿ."

ಇನ್ಸ್‌ಪೆಕ್ಟರ್ ಮುರುಕು ಚಕ್ರವನ್ನು ಅವರ ಮುಂದಿಟ್ಟಳು.

"ನಿಮಗೆ ಒಳ್ಳೇ ಸುದ್ದಿ ತಂದಿದ್ದೀನಿ. ಇವತ್ತು ಆ ಪಂಪಲ್ಲಿ ಸಿಕ್ಕಿದ್ದು ಇದು."

"ಇದಾ?" ಮೇಸ್ತ್ರಿ ಅದನ್ನೆತ್ತಿ ತಿರುಗಿಸಿ ನೋಡಿದರು. "ಇದು ನನ್ನ ಶೆಡ್ಡಿನ ಹಳೇ ಡಬ್ಬಿದು. ಸವೆದೋಗಿದ್ದೆಲ್ಲ ಅದರಲ್ಲಿ ಹಾಕಿರ್ತೀನಿ. ಇದನ್ನ ನಾನು ಹಾಕಿಲ್ಲ."

"ಗೊತ್ತು. ಎಂಜಿನ್ ಕೆಟ್ಟ ಮೇಲೆ ಯಾರೋ ಹಾಕಿದ್ದಾರೆ. ಅವಸರದಲ್ಲಿ ರೆಕ್ಕೆ ಉಲ್ಟಾ ಕೂರಿಸಿದ್ದಾರೆ. ಆಗ ನೀವು ಇಲ್ಲಿ ನಮ್ಮ ಅತಿಥಿ. ನೀವು ಬಚಾವು ಮೇಸ್ತ್ರಿ."

ಮುದುಕರ ಮುಖ ಅರಳಬೇಕಿತ್ತು. ಅರಳಲಿಲ್ಲ. ಚಕ್ರ ಹಿಡಿದ ಕೈ ಹಾಗೇ ನಿಂತಿತು.

"ಉಲ್ಟಾ ಅಂದ್ರೆ, ಯಾವ ಕಡೆಗೆ?"

ಅವಳು ತೋರಿಸಿದಳು. ಅವರು ಚಕ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಾನೇ ಹಾಕಿದ್ದು ಮೇಡಂ. ಬರ್ಕೊಳ್ಳಿ."

"ಏನಂದ್ರಿ?"

"ಹಳೇ ಚಕ್ರ ಹಾಕಿದ್ದು ನಾನೇ. ದುರಾಸೆ. ತಪ್ಪಾಯ್ತು."

"ಲಾಕಪ್ಪಿನ ಒಳಗಿಂದ ಕೈ ಉದ್ದ ಮಾಡಿ ಹಾಕಿದ್ರಾ?" ಅವಳಿಗೆ ಸಿಟ್ಟು ನೆತ್ತಿಗೇರಿತು. "ಈಗ ತಾನೇ ಹೊಸದು ಕೂರಿಸಿದೆ, ನೀರು ಮುಟ್ಟಿ ನೋಡಿದೆ ಅಂದ್ರಿ. ಯಾರ ಕಿವಿ ಮೇಲೆ ಹೂ ಇಡ್ತಿದ್ದೀರಿ?"

ಮೇಸ್ತ್ರಿ ಚಕ್ರವನ್ನು ಬೆರಳ ತುದಿಯಿಂದ ದೂರ ತಳ್ಳಿದರು.

ಇನ್ಸ್‌ಪೆಕ್ಟರ್ ಚಕ್ರವನ್ನು ತಾನೇ ಕೈಗೆತ್ತಿಕೊಂಡಳು. ಇಕ್ಕಟ್ಟಾದ ತೂತಿಗೆ ತಳ್ಳುವಂತೆ ಗಾಳಿಯಲ್ಲಿ ತಳ್ಳಿದಳು. ಬಿಗಿಯಾದದ್ದನ್ನು ಒಳಗೆ ಕೂರಿಸಬೇಕಾದರೆ ಕೈ ತಾನಾಗಿ ತಿರುಗುತ್ತದೆ. ಬಲಗೈ ಬಲಕ್ಕೆ ತಿರುಗಿತು. ರೆಕ್ಕೆ ಸರಿಯಾದ ದಿಕ್ಕಿಗೇ ಮಲಗುತ್ತಿತ್ತು. ಎಡಗೈಗೆ ದಾಟಿಸಿ ತಳ್ಳಿದಳು. ಅದು ಎಡಕ್ಕೆ ತಿರುಗಿತು.

ಮುದುಕರು ಅವಳ ಕೈಯನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಾಡಿತು.

"ಚಿಕ್ಕವಳಿದ್ದಾಗಿಂದ ಬೈದಿದ್ದೀನಿ," ಎಂದರು ಸಣ್ಣ ದನಿಯಲ್ಲಿ. "ಎಡಗೈಯಲ್ಲಿ ಹಾಕ್ಬೇಡ್ವೇ, ಉಲ್ಟಾ ಮಲಗ್ತವೆ ಅಂತ. ಎಂಜಿನ್ ತಿರುಗಿದ್ರೆ ಸರಿ ಹೋಗುತ್ತಲ್ಲಪ್ಪ ಅಂತ ವಾದ ಮಾಡ್ತಿದ್ಲು. ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನದು ಮುಗಿದ ಬಾಳು. ಅವಳನ್ನ ಇದಕ್ಕೆ ಎಳೀಬೇಡಿ."

ಇನ್ಸ್‌ಪೆಕ್ಟರ್ ಎದ್ದು ಬಾಗಿಲು ತೆಗೆದಳು. "ಒಳಗೆ ಬಾರಮ್ಮ."

ಬೆಂಚಿನಲ್ಲಿ ಹೆಂಡತಿಯ ತಲೆ ಸವರುತ್ತಿದ್ದ ಅಳಿಯ ಅವಳನ್ನು ಮೆಲ್ಲಗೆ ಎಬ್ಬಿಸಿ ಕಳಿಸಿದ. ಅವಳು ಬಂದು ಅಪ್ಪನ ಪಕ್ಕ ನಿಂತಳು. ಮೇಜಿನ ಮೇಲಿನ ಚಕ್ರ ನೋಡಿದಳು. ಬಚ್ಚಿಡುವ ಪ್ರಯತ್ನ ಮಾಡಲಿಲ್ಲ.

"ನಾನೇ ಹಾಕಿದ್ದು."

"ಸುಮ್ನಿರೇ!" ಎಂದರು ಮೇಸ್ತ್ರಿ.

"ಇರ್ಲಿ ಬಿಡಪ್ಪ. ಎಲ್ಲ ಗೊತ್ತಾಗಿದೆ." ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಪಂಪು ಖಾಲಿ ಇತ್ತು ಮೇಡಂ. ಒಳಗೆ ಚಕ್ರಾನೇ ಇರ್ಲಿಲ್ಲ. ಹಾಕೋದನ್ನೇ ಮರೆತ ಅಂದ್ರೆ ಅಪ್ಪನ್ನ ಯಾರು ಕ್ಷಮಿಸ್ತಾರೆ? ರಬ್ಬರ್ ಮುರಿದಿತ್ತು ಅಂದ್ರೆ ಸಾಮಾನಿನ ತಪ್ಪು ಅಂತಾಗುತ್ತೆ. ಅದಕ್ಕೇ ನಿನ್ನೆ ಸಂಜೆ ಡಬ್ಬಿಯಿಂದ ಒಂದು ಮುರಿದಿದ್ದು ತಗೊಂಡು ಕೂರಿಸಿದೆ."

"ನಾನು ಹಾಕಿದ್ದೆ ಕಣೇ," ಎಂದರು ಮೇಸ್ತ್ರಿ. "ನೀರು ಬಂತು. ಕೈ ಕೊಟ್ಟು ನೋಡಿದೆ."

"ಅಪ್ಪ." ಅವಳು ಅವರ ಭುಜದ ಮೇಲೆ ಕೈಯಿಟ್ಟಳು. "ಹೋದ ತಿಂಗಳು ನೀನು, ನಾವು ಯಾವಾಗ್ಲೋ ಬಿಟ್ಟು ಬಂದಿದ್ವಲ್ಲ, ಆ ಹಳೇ ಬಾಡಿಗೆ ಮನೆಗೆ ಹೋಗಿ ಬೀಗಕ್ಕೆ ನಮ್ಮ ಕೀಲಿಕೈ ಹಾಕ್ತಾ ನಿಂತಿದ್ದೆ. ಅಲ್ಲಿದ್ದೋರು ಕರ್ಕೊಂಡು ಬಂದು ಬಿಟ್ರು. ನೆನಪಿದೆಯಾ?"

ಮೇಸ್ತ್ರಿ ತಮ್ಮ ಅಂಗೈಯನ್ನೇ ಹಿಂದೆ ಮುಂದೆ ಮಾಡಿ ನೋಡಿಕೊಂಡರು. ಅದುವರೆಗೆ ಅವರ ಮುಖದ ಮೇಲಿದ್ದ ನಂಬಿಕೆ ಬಿರುಕು ಬಿಟ್ಟದ್ದು ಇನ್ಸ್‌ಪೆಕ್ಟರಿಗೆ ಸ್ಪಷ್ಟವಾಗಿ ಕಂಡಿತು. ಕೊಲೆಗಾರರ ಮುಖ ನೋಡಿದ್ದಾಳೆ, ಹೆಣದ ಮುಖ ನೋಡಿದ್ದಾಳೆ. ಇದನ್ನು ನೋಡಲಾಗದೆ ಕಿಟಕಿಯತ್ತ ತಿರುಗಿದಳು.

ಆದರೆ ಉಡ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದಿರಲಿಲ್ಲ. ಒಂದು ಮಾತು ಅವಳ ಹಿಡಿತಕ್ಕೆ ಸಿಕ್ಕಿತ್ತು.

"ಪಂಪು ಖಾಲಿ ಅಂದ್ಯಲ್ಲ. ಅದು ನಿಂಗೆ ಗೊತ್ತಾಗಿದ್ದು ಮುಚ್ಚಳ ಬಿಚ್ಚಿದಾಗಲಾ?"

"ಇಲ್ಲ, ಮೊದಲೇ ಗೊತ್ತಿತ್ತು. ಗೊತ್ತಿದ್ದಕ್ಕೇ ಚಕ್ರ ತಗೊಂಡು ದೋಣಿ ಹತ್ತಿದ್ದು."

"ಮೊದಲೇ ಅಂದ್ರೆ?"

"ಅಪ್ಪನ್ನ ಜೀಪಲ್ಲಿ ಕರ್ಕೊಂಡು ಹೋದ್ರಲ್ಲ, ಆಗ. ನಾನು ಹೊಸ್ತಿಲಲ್ಲಿ ಕೂತು ಅಳ್ತಿದ್ದೆ. ನಮ್ಮನೆಯವರು ಬಂದು ಸಮಾಧಾನ ಮಾಡಿದ್ರು. ಪಂಪಲ್ಲಿ ಚಕ್ರಾನೇ ಇಲ್ಲ ಕಣೇ, ಮಾವ ಮರೆತುಬಿಟ್ಟಿದ್ದಾರೆ, ದೋಣಿ ಶೆಡ್ಡಿಗೆ ಬಂದ ಮೇಲೆ ನೀನೊಂದು ಮುರಿದಿದ್ದು ಹಾಕ್ಬಿಡು, ಯಾರಿಗೂ..."

ಅವಳು ಅಲ್ಲಿಗೇ ನಿಂತಳು.

ಮೇಜಿನ ತುದಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಮೀಸೆ ಪೆನ್ನೆತ್ತಿದ.

"ಆಗ ದೋಣಿ ಎಲ್ಲಿತ್ತು?" ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

ಉತ್ತರ ಎಲ್ಲರಿಗೂ ಗೊತ್ತಿತ್ತು. ಬಂಡೆಯ ಮೇಲೆ. ಅದರ ಎಂಜಿನ್ನಿನ ಹತ್ತಿರ ಆಗ ಯಾರೂ ಹೋಗಿರಲಿಲ್ಲ, ಹೋಗಲು ಸಾಧ್ಯವೂ ಇರಲಿಲ್ಲ. ಚಕ್ರವಿಲ್ಲ ಎಂದು ಆ ಹೊತ್ತಿಗೆ ಗೊತ್ತಿರಬಹುದಾದವನು, ದೋಣಿ ಹೊರಡುವ ಮೊದಲೇ ಅದನ್ನು ತೆಗೆದವನೊಬ್ಬನೇ.

ಹಾಗಾದರೆ ಮುದುಕರು ಮರೆತಿರಲಿಲ್ಲ. ನೀರು ಬಂದಿತ್ತು. ಆ ಕೈ ಸರಿಯಾಗಿಯೇ ನೋಡಿತ್ತು.

"ಆಯ್ತೇನೇ?" ಜಗಲಿಯಿಂದ ಅಳಿಯನ ಮೆತ್ತನೆಯ ದನಿ ಬಂತು. "ಮಾವನ ಊಟ ಆರಿಹೋಗ್ತಿದೆ."

ಮಗಳು ಒಂದು ಕ್ಷಣ ಬಾಗಿಲನ್ನೇ ದಿಟ್ಟಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಂದೆ ರೀ," ಎಂದಳು. ದಿನಾ ಮನೆಯಲ್ಲಿ ಹೇಳುವ ಹಾಗೆಯೇ. ಆಮೇಲೆ ಇನ್ಸ್‌ಪೆಕ್ಟರಿಗೆ, "ಮೇಡಂ, ನಾನು ತಪ್ಪಿ ಹೇಳಿದೆ. ಗಾಬರಿ. ನಂಗೆ ಗೊತ್ತಾಗಿದ್ದು ಸಂಜೆ, ಬಿಚ್ಚಿ ನೋಡಿದ ಮೇಲೆ. ನಮ್ಮನೆಯವರು ಏನೂ ಹೇಳಿಲ್ಲ. ಅಪ್ಪ ಮರೆತಿದ್ದು."

"ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದಾರೆ," ಎಂದಳು ಇನ್ಸ್‌ಪೆಕ್ಟರ್. "ಅವರ ಮುಖ ನೋಡಿ ಹೇಳು."

ಅವಳು ನೋಡಲಿಲ್ಲ. ಮೇಜಿನಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ನೆಲ ನೋಡುತ್ತ ನಿಂತಳು.

ಮೇಸ್ತ್ರಿ ಬಹಳ ಹೊತ್ತು ಮಗಳನ್ನು ನೋಡಿದರು. ನಿನ್ನೆಯಿಂದ ಏನು ಬೇಕಾದರೂ ಅನ್ನಿ, ಅದೊಂದನ್ನು ಅನ್ನಬೇಡಿ ಎಂದು ಹಟ ಹಿಡಿದು ಕೂತಿದ್ದ ಮನುಷ್ಯ. ಕೈ ಚಾಚಿ ಮೀಸೆಯ ಮುಂದಿದ್ದ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು.

"ಪೆನ್ನು ಕೊಡಪ್ಪ," ಎಂದರು. "ಈಗ ನೆನಪಾಯ್ತು ಮೇಡಂ. ಹೌದು, ನಾನು ಮರೆತಿದ್ದೆ."